ಕಾಲೇಜಿನ ರೆಸ್ಪಾನ್ಸಿವ್ ವೆಬ್ ವಿನ್ಯಾಸ ಕೋರ್ಸ್: ಕಲಿತದ್ದರಲ್ಲಿ ಬಾಳಿಕೆ ಬಂದದ್ದೆಷ್ಟು?

ಬೆಂಗಳೂರಿನ ಖಾಸಗಿ ಕಾಲೇಜೊಂದು ಸಂಜೆಯ ವೇಳೆ ನಡೆಸುವ ರೆಸ್ಪಾನ್ಸಿವ್ ವೆಬ್ ವಿನ್ಯಾಸ (ಪರದೆಯ ಅಳತೆಗೆ ತಕ್ಕಂತೆ ಹೊಂದಿಕೊಳ್ಳುವ ಜಾಲಪುಟಗಳ ರಚನೆ) ಮತ್ತು ಅಭಿವೃದ್ಧಿಯ ಸರ್ಟಿಫಿಕೇಟ್ ಕೋರ್ಸನ್ನು ನಾನು 2019ರಲ್ಲಿ ಮುಗಿಸಿದೆ. ಅಲ್ಲಿಂದೀಚೆಗೆ ಅಂಗಡಿ, ಶಾಲೆ, ಸಹಕಾರ ಸಂಘಗಳಿಗೆ ಜಾಲತಾಣ ಮಾಡಿಕೊಡುವುದೇ ನನ್ನ ಜೀವನೋಪಾಯವಾಗಿರುವುದರಿಂದ, ತರಗತಿ ಮುಗಿದ ವಾರದಲ್ಲೇ ಬರೆಯುವ ಅಭಿಪ್ರಾಯದಲ್ಲಿ ಸಿಗದ ಕೆಲವು ಸಂಗತಿಗಳನ್ನು ಇಲ್ಲಿ ಹೇಳಬಹುದು. ಕೊರತೆಗಳನ್ನೂ ಹೇಳಬೇಕಾಗಿರುವುದರಿಂದ ಕಾಲೇಜಿನ ಹೆಸರನ್ನು ಬಿಟ್ಟಿದ್ದೇನೆ. ಇದೇ ಬಗೆಯ ಪಠ್ಯಕ್ರಮ ಬೇರೆ ಕಡೆಯೂ ಇರುವುದರಿಂದ ಹೆಸರಿಲ್ಲದೆಯೂ ಸೇರಬಯಸುವವರಿಗೆ ಉಪಯೋಗವಾದೀತು.

ಕೋರ್ಸಿನ ಮೊದಲರ್ಧ ಪುಟದ ರಚನೆಯನ್ನು ಬರೆಯುವ ಎಚ್‌ಟಿಎಂಎಲ್ ಮತ್ತು ಅದರ ರೂಪವನ್ನು ಬರೆಯುವ ಸಿಎಸ್‌ಎಸ್‌ಗೆ ಮೀಸಲಾಗಿತ್ತು. ಉಳಿದರ್ಧದಲ್ಲಿ ಸಿದ್ಧ ವಿನ್ಯಾಸಗಳ ಚೌಕಟ್ಟಾದ ಬೂಟ್‌ಸ್ಟ್ರ್ಯಾಪ್ 4, ಪುಟದ ಚಟುವಟಿಕೆಗಳ ಕೋಡನ್ನು ಸುಲಭಗೊಳಿಸುವ ಜೆಕ್ವೆರಿ ಮತ್ತು ಒಂದು ಪ್ರಾಜೆಕ್ಟ್ ಇದ್ದವು. ಮೊದಲರ್ಧ ಬಹುತೇಕ ಸಹಪಾಠಿಗಳಿಗೆ ಬೇಸರ ತರಿಸಿತ್ತು. ಎರಡನೆಯದರಲ್ಲಿ ದಿನಕ್ಕೊಂದು ಅಂದದ ಪುಟ ಸಿದ್ಧವಾಗುತ್ತಿದ್ದುದರಿಂದ ಎಲ್ಲರಿಗೂ ಹುರುಪು. ಈಗ ಕೆಲಸದ ಲೆಕ್ಕದಲ್ಲಿ ನೋಡಿದರೆ, ನಾನು ಕಟ್ಟಿದ ಶುಲ್ಕ ಹುಟ್ಟಿದ್ದೆಲ್ಲ ಆ ಬೇಸರದ ಭಾಗದಿಂದಲೇ.

ಅದಕ್ಕೆ ಕಾರಣ ನಮಗೆ ಪಾಠ ಮಾಡಿದ ಮೇಡಂ ಅವರ ಹಟ. ವೆಬ್ ವಿನ್ಯಾಸಕ ಈಥನ್ ಮಾರ್ಕಾಟ್ 2010ರ ಮೇ ತಿಂಗಳಲ್ಲಿ ‘ಎ ಲಿಸ್ಟ್ ಅಪಾರ್ಟ್’ ಎಂಬ ಜಾಲಪತ್ರಿಕೆಯಲ್ಲಿ ಬರೆದ ಲೇಖನದಿಂದ ಅವರು ಆರಂಭಿಸಿದರು. ರೆಸ್ಪಾನ್ಸಿವ್ ವೆಬ್ ವಿನ್ಯಾಸ ಎಂಬ ಹೆಸರು ಬಂದದ್ದೇ ಆ ಲೇಖನದಿಂದ. ಅಗಲಕ್ಕೆ ತಕ್ಕಂತೆ ಹಿಗ್ಗಿ ಕುಗ್ಗುವ ಗ್ರಿಡ್, ಅದರೊಳಗೇ ಹೊಂದಿಕೊಳ್ಳುವ ಚಿತ್ರಗಳು, ಪರದೆಯ ಅಳತೆಗೆ ತಕ್ಕಂತೆ ನಿಯಮ ಬದಲಿಸುವ ಮೀಡಿಯಾ ಕ್ವೆರಿ, ಈ ಮೂರನ್ನೂ ಯಾವ ಸಿದ್ಧ ಚೌಕಟ್ಟಿನ ನೆರವೂ ಇಲ್ಲದೆ ಮಾಡಿಸಿದರು. 960 ಪಿಕ್ಸೆಲ್ ಅಗಲದ ಪುಟದಲ್ಲಿ 300 ಪಿಕ್ಸೆಲ್‌ನ ಅಂಕಣವಿದ್ದರೆ 300ನ್ನು 960ರಿಂದ ಭಾಗಿಸಿ 31.25 ಶೇಕಡಾ ಎಂದು ಬರೆಯಬೇಕು ಎಂಬಂಥ ಲೆಕ್ಕವನ್ನು ಕೈಯಲ್ಲೇ ಮಾಡಿಸಿದ್ದು ಅಂದು ಹಳೆಯ ಕಾಲದ ಶಿಕ್ಷೆಯಂತೆ ಕಂಡಿತ್ತು. ಅಂಕಣಗಳನ್ನು ತಾನೇ ಹಂಚಿ ಕೂರಿಸುವ ಸಿಎಸ್‌ಎಸ್ ಗ್ರಿಡ್ 2017ರ ಮಾರ್ಚ್‌ನಲ್ಲೇ ಕ್ರೋಮ್, ಫೈರ್‌ಫಾಕ್ಸ್, ಸಫಾರಿ ಮೂರಕ್ಕೂ ಬಂದಾಗಿತ್ತಲ್ಲ, ಇದೇಕೆ ಎಂದು ನಾವು ಕೇಳಿದ್ದೂ ಉಂಟು. ಆದರೆ ಪುಟ ಎಲ್ಲೋ ಅಡ್ಡಕ್ಕೆ ಸರಿಯತೊಡಗಿದಾಗ ಯಾವ ಪೆಟ್ಟಿಗೆ ತನ್ನ ಪಾಲಿಗಿಂತ ಹೆಚ್ಚು ಜಾಗ ಕೇಳುತ್ತಿದೆ ಎಂದು ಹುಡುಕುವ ಅಭ್ಯಾಸ ಬಂದದ್ದು ಆ ಲೆಕ್ಕದಿಂದ. ಇಂದಿಗೂ ನನ್ನ ಕೆಲಸದಲ್ಲಿ ಅತಿ ಹೆಚ್ಚು ಬಳಕೆಯಾಗುತ್ತಿರುವುದು ಅದೇ.

ಪುಟದ ಅಗಲ ಫೋನಿನ ಪರದೆಯಷ್ಟೇ ಎಂದು ಬ್ರೌಸರಿಗೆ ತಿಳಿಸುವ ವ್ಯೂಪೋರ್ಟ್‌ನ ಒಂದು ಸಾಲನ್ನು ಎಲ್ಲರೂ ಬೇರೆ ಪುಟದಿಂದ ನಕಲು ಮಾಡಿ ಅಂಟಿಸುತ್ತಾರೆ. ಅದನ್ನು ಬರೆಯದಿದ್ದರೆ ಐಫೋನಿನ ಸಫಾರಿ ಪುಟದ ಅಗಲ 980 ಪಿಕ್ಸೆಲ್ ಎಂದು ಭಾವಿಸಿ ಇಡೀ ಪುಟವನ್ನು ಕುಗ್ಗಿಸಿ ತೋರಿಸುತ್ತದೆ ಎಂಬ ಹಿನ್ನೆಲೆಯನ್ನು ತರಗತಿಯಲ್ಲಿ ವಿವರಿಸಿದ್ದರು. ಫಾಂಟಿನ ಅಳತೆಯನ್ನು ಪಿಕ್ಸೆಲ್ ಬದಲು, ಪುಟದ ಮೂಲ ಅಕ್ಷರದಳತೆಯನ್ನು ಆಧರಿಸಿದ ರೆಮ್ ಎಂಬ ಮಾನದಲ್ಲಿ ಕೊಟ್ಟರೆ, ಬ್ರೌಸರಿನ ಸೆಟ್ಟಿಂಗ್‌ನಲ್ಲಿ ಅಕ್ಷರ ದೊಡ್ಡದು ಮಾಡಿಕೊಂಡ ಹಿರಿಯರಿಗೆ ಪುಟವೂ ಹಾಗೆಯೇ ಹೊಂದಿಕೊಳ್ಳುತ್ತದೆ ಎಂಬುದನ್ನೂ ಹೇಳಿದ್ದರು. ಇಂಥವು ಹಳತಾಗುವುದಿಲ್ಲ.

ಎರಡನೆಯ ಅರ್ಧದ ಬಾಳಿಕೆ ಅಷ್ಟಕ್ಕಷ್ಟೇ. 2021ರ ಮೇ ತಿಂಗಳಲ್ಲಿ ಬಂದ ಬೂಟ್‌ಸ್ಟ್ರ್ಯಾಪ್ 5 ಜೆಕ್ವೆರಿಯ ಅವಲಂಬನೆಯನ್ನೇ ಕೈಬಿಟ್ಟಿತು, ಎಡ ಬಲದ ಅಂತರ ಸೂಚಿಸುವ ಕ್ಲಾಸ್‌ಗಳ (ಪುಟದ ಭಾಗಗಳಿಗೆ ರೂಪ ಕೊಡಲು ಕೋಡಿನಲ್ಲಿ ಬರೆಯುವ ಗುರುತುಗಳ) ಹೆಸರುಗಳನ್ನೂ ಬದಲಿಸಿತು. ನಾವು ಬಾಯಿಪಾಠ ಮಾಡಿದ್ದರಲ್ಲಿ ಬಹುಪಾಲು ಹೀಗೆ ಹೋಯಿತು. ತಂತ್ರಾಂಶ ಬದಲಾಗುವುದಕ್ಕೆ ಕಾಲೇಜನ್ನು ದೂರುವುದು ನ್ಯಾಯವಲ್ಲ. ಆದರೆ ಚೌಕಟ್ಟೊಂದರ ಕ್ಲಾಸ್ ಹೆಸರುಗಳನ್ನು ಪರೀಕ್ಷೆಯಲ್ಲಿ ಕೇಳಿ ಅಂಕ ಕೊಡುವ ಪದ್ಧತಿಯನ್ನು ದೂರಲೇಬೇಕು. ಅದರ 12 ಅಂಕಣಗಳ ಗ್ರಿಡ್ ಒಳಗೆ, ಪೆಟ್ಟಿಗೆಗಳನ್ನು ಸಾಲಾಗಿ ಜೋಡಿಸುವ ಸಿಎಸ್‌ಎಸ್‌ನ ಫ್ಲೆಕ್ಸ್‌ಬಾಕ್ಸ್ ಹೇಗೆ ಕೆಲಸ ಮಾಡುತ್ತದೆ ಎಂದು ಕೇಳಿದ್ದರೆ ಅದೇ ಪ್ರಶ್ನೆಗೆ ಇಂದಿಗೂ ಬೆಲೆ ಇರುತ್ತಿತ್ತು.

ದೊಡ್ಡ ಕೊರತೆ ಇದ್ದದ್ದು ಲ್ಯಾಬಿನಲ್ಲಿ. ಮೊಬೈಲಿಗಾಗಿ ವಿನ್ಯಾಸ ಕಲಿಸುವ ಕೋರ್ಸಿನ ಲ್ಯಾಬಿನಲ್ಲಿ ಮೊಬೈಲ್ ಬಳಸಲು ಅನುಮತಿ ಇರಲಿಲ್ಲ. ಪುಟವನ್ನು ಪರೀಕ್ಷಿಸುವುದೆಂದರೆ ಡೆಸ್ಕ್‌ಟಾಪಿನ ಬ್ರೌಸರ್ ಕಿಟಕಿಯನ್ನು ಎಳೆದು ಚಿಕ್ಕದು ಮಾಡಿ ನೋಡುವುದಷ್ಟೇ. ಹಾಗೆ ನೋಡಿದರೆ ಅಂಕಣಗಳು ಒಂದರ ಕೆಳಗೊಂದು ಬಂದು ಕೂರುವುದು ಕಾಣುತ್ತದೆಯೇ ಹೊರತು, ಫೋನಿನ ಬ್ರೌಸರಿನ ವಿಳಾಸ ಪಟ್ಟಿ (ಅಡ್ರೆಸ್ ಬಾರ್) ಬಂದು ಹೋಗುವಾಗ ಪೂರ್ತಿ ಎತ್ತರದ ವಿಭಾಗದ ಕೆಳತುದಿ ಮರೆಯಾಗುವುದು, ಕೀಬೋರ್ಡ್ ತೆರೆದಾಗ ಅರ್ಜಿಯ ಗುಂಡಿ ಸಿಗದಿರುವುದು, ಮೌಸ್ ಮೇಲಿಟ್ಟರೆ ಮಾತ್ರ ಬಿಚ್ಚಿಕೊಳ್ಳುವ ಮೆನು ಬೆರಳಿಗೆ ಬಗ್ಗದಿರುವುದು, ಇವು ಯಾವುವೂ ಕಾಣುವುದಿಲ್ಲ. ಮೊದಲನೆಯ ತೊಂದರೆಗೆ ಡಿವಿಎಚ್, ಎಸ್‌ವಿಎಚ್ ಎಂಬ ಹೊಸ ಅಳತೆಗಳು 2022ರಲ್ಲಿ ಬ್ರೌಸರುಗಳಿಗೆ ಬಂದವು; ಉಳಿದವನ್ನು ಗ್ರಾಹಕರ ಅಗ್ಗದ ಆಂಡ್ರಾಯ್ಡ್ ಫೋನುಗಳೇ ನನಗೆ ಕಲಿಸಿದವು. ಚಿತ್ರಗಳ ಪಾಠವೂ ಹೀಗೆಯೇ ಅರೆಬರೆ. ಚಿತ್ರದ ಗರಿಷ್ಠ ಅಗಲ ನೂರು ಶೇಕಡಾ ಎಂದು ಬರೆದರೆ ಅದು ಪರದೆಯೊಳಗೆ ಕೂರುತ್ತದೆ, ಆದರೆ ಅಂಗಡಿಯವರು ಕಳಿಸಿದ ಹಲವು ಎಂಬಿ ತೂಕದ ಫೋಟೊ ಹಾಗೆಯೇ ಡೌನ್‌ಲೋಡ್ ಆಗುತ್ತದೆ. ಎಸ್‌ಆರ್‌ಸಿಸೆಟ್ ಬಳಸಿ ಫೋನಿಗೆ ಚಿಕ್ಕ ಚಿತ್ರ ಕಳಿಸುವ ಕ್ರಮವನ್ನು ಒಂದು ಸ್ಲೈಡಿನಲ್ಲಿ ಮುಗಿಸಿದ್ದರು. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಿಸಬೇಕು ಎಂದು ಗೂಗಲ್ ಹೇಳುವ ಈ ಕಾಲದಲ್ಲಿ ಅದಕ್ಕೆ ಒಂದು ವಾರವನ್ನಾದರೂ ಕೊಡಬೇಕು.

ಇನ್ನೊಂದು ವಿಷಯ ಪಠ್ಯಕ್ರಮದಲ್ಲಿ ಹೆಸರಿಗೂ ಇರಲಿಲ್ಲ: ಕನ್ನಡ. ಅಭ್ಯಾಸದ ಪುಟಗಳನ್ನೆಲ್ಲ ಅರ್ಥವಿಲ್ಲದ ಲ್ಯಾಟಿನ್ ಪಠ್ಯದಿಂದ ತುಂಬಿಸಿದ್ದೆವು. ನನ್ನ ಗ್ರಾಹಕರಲ್ಲಿ ಅರ್ಧಕ್ಕಿಂತ ಹೆಚ್ಚಿನವರಿಗೆ ಬೇಕಾದದ್ದು ಕನ್ನಡದ ತಾಣ. ಬೂಟ್‌ಸ್ಟ್ರ್ಯಾಪ್ ಶೀರ್ಷಿಕೆಗಳಿಗೆ ಕೊಡುವ ಸಾಲಿನ ಎತ್ತರ 1.2. ಇಂಗ್ಲಿಷಿಗೆ ಅದು ಸಾಕು, ಕನ್ನಡದಲ್ಲಿ ಎರಡು ಸಾಲಿನ ಶೀರ್ಷಿಕೆ ಬಂದರೆ ಮೇಲಿನ ಸಾಲಿನ ಒತ್ತಕ್ಷರಗಳು ಕೆಳಗಿನ ಸಾಲಿನ ಗುಡಿಸುಗಳಿಗೆ ತಾಗುವಷ್ಟು ಹತ್ತಿರವಾಗುತ್ತವೆ. ನಾನು ಈಗ 1.5ಕ್ಕಿಂತ ಕಡಿಮೆ ಇಡುವುದಿಲ್ಲ. ಎತ್ತರವನ್ನು ಪಿಕ್ಸೆಲ್‌ನಲ್ಲಿ ಬಿಗಿದ ಗುಂಡಿಗಳಲ್ಲಿ ಒತ್ತಕ್ಷರದ ಬುಡವೇ ಕತ್ತರಿಸಿಹೋಗುತ್ತದೆ. ಇಂಗ್ಲಿಷಿನಲ್ಲಿ ಒಂದೇ ಸಾಲಿನಲ್ಲಿ ಹಿಡಿಯುವ ಮೆನು, ಸಮಾಸಪದಗಳಿಂದಾಗಿ ಕನ್ನಡದಲ್ಲಿ 360 ಪಿಕ್ಸೆಲ್ ಅಗಲದ ಫೋನಿನಾಚೆ ಚಾಚಿಕೊಳ್ಳುತ್ತದೆ. ಪುಟದ ಭಾಷೆ ಕನ್ನಡವೆಂದು ಕೋಡಿನಲ್ಲಿ ಸೂಚಿಸದಿದ್ದರೆ, ದೃಷ್ಟಿ ಇಲ್ಲದವರಿಗೆ ಪರದೆಯನ್ನು ಓದಿ ಹೇಳುವ ತಂತ್ರಾಂಶ ಯಾವ ಧ್ವನಿಯಲ್ಲಿ ಓದಬೇಕೆಂದು ತಿಳಿಯದೆ ಎಡವಬಹುದು. ನೋಟೊ ಸಾನ್ಸ್ ಕನ್ನಡದಂಥ ಫಾಂಟನ್ನು ಯಾವ ಅಕ್ಷರಗಳಿಗೆ ಅದು ಬೇಕೆಂದು ಹೇಳುವ ಯೂನಿಕೋಡ್ ವ್ಯಾಪ್ತಿ ಸೂಚಿಸಿ ಜೋಡಿಸಿದರೆ, ಕನ್ನಡ ಅಕ್ಷರಗಳಿರುವ ಪುಟದಲ್ಲಿ ಮಾತ್ರ ಬ್ರೌಸರ್ ಅದನ್ನು ತರಿಸಿಕೊಳ್ಳುತ್ತದೆ. ಬೆಂಗಳೂರಿನ ಕಾಲೇಜೊಂದು ಇಷ್ಟನ್ನು ಎರಡು ತರಗತಿಗಳಲ್ಲಿ ಹೇಳಿಕೊಡಬಹುದಿತ್ತು.

ತಾಣವನ್ನು ಅಂತರ್ಜಾಲಕ್ಕೆ ಏರಿಸುವ ಹೋಸ್ಟಿಂಗ್, ಅದಕ್ಕೆ ವಿಳಾಸ ಪಡೆಯುವ ಡೊಮೇನ್ ಪಾಠಗಳು ಚುಟುಕಾಗಿದ್ದರೂ ಸಾಕಾದವು. ಉದ್ಯೋಗ ಕೊಡಿಸುವ ಮಾತನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳಬೇಕಾಗಿಲ್ಲ. ಸರ್ಟಿಫಿಕೇಟನ್ನು ಇದುವರೆಗೆ ಯಾವ ಗ್ರಾಹಕರೂ ಕೇಳಿಲ್ಲ, ಎಲ್ಲರೂ ಕೇಳುವುದು ಹಿಂದೆ ಮಾಡಿದ ತಾಣಗಳ ವಿಳಾಸವನ್ನು.

ಇದೇ ವಿಷಯವನ್ನು ಫ್ರೀಕೋಡ್‌ಕ್ಯಾಂಪ್ ಎಂಬ ಜಾಲತಾಣದಲ್ಲಿ ಉಚಿತವಾಗಿ ಕಲಿಯಬಹುದು, ವೆಬ್ ತಂತ್ರಜ್ಞಾನದ ಕೈಪಿಡಿಯಂತಿರುವ ಎಂಡಿಎನ್‌ನ ದಾಖಲೆಗಳೂ ಎಲ್ಲರಿಗೂ ತೆರೆದಿವೆ. ಇಂಗ್ಲಿಷ್ ಓದು ಸಲೀಸಾಗಿದ್ದು, ತಾವೇ ದಿನವೂ ಕೂತು ಕೋಡ್ ಬರೆಯುವ ಶಿಸ್ತು ಇರುವವರು ಕಾಲೇಜಿಗೆ ಹಣ ಕಟ್ಟುವ ಅಗತ್ಯ ನನಗೆ ಕಾಣುವುದಿಲ್ಲ. ಕನ್ನಡ ಮಾಧ್ಯಮದಿಂದ ಬಂದವರಿಗೆ, ಬರೆದ ಕೋಡನ್ನು ಪಕ್ಕದಲ್ಲಿ ನಿಂತು ನೋಡಿ ತಪ್ಪು ತೋರಿಸುವ ಒಬ್ಬರು ಬೇಕೆನ್ನುವವರಿಗೆ ಮಾತ್ರ ಶುಲ್ಕ ಸಾರ್ಥಕ. ಸೇರುವ ಮುನ್ನ ಕಳೆದ ಸಾಲಿನ ವಿದ್ಯಾರ್ಥಿಗಳ ಪ್ರಾಜೆಕ್ಟ್ ಒಂದರ ವಿಳಾಸ ಕೇಳಿ ಪಡೆದು, ಅದನ್ನು ನಿಮ್ಮ ಫೋನಿನಲ್ಲೇ ತೆರೆದು ನೋಡಿ. ಪುಟ ಅಡ್ಡಕ್ಕೆ ಸರಿದರೆ ಬೇರೆ ಕಾಲೇಜನ್ನು ವಿಚಾರಿಸುವುದು ಒಳಿತು.