ಹೂವಿನಂಗಡಿಯಲ್ಲಿ ಸೌಂಡ್ ಬಾಕ್ಸ್: ಕೆಲಸ ಒಳ್ಳೆಯದು, ಬಾಯಿ ಜಾಸ್ತಿ

ಯುಪಿಐಯಲ್ಲಿ ದುಡ್ಡು ಬಂದರೆ ಎಷ್ಟು ಬಂತು ಅಂತ ಕೂಗಿ ಹೇಳುವ ಈ ಡಬ್ಬದ ಪರಿಚಯ ಬೇಡ. ಗೂಡಂಗಡಿಯಿಂದ ಮೀನು ಮಾರ್ಕೆಟಿನ ತನಕ ಎಲ್ಲ ಕಡೆ ಕೂಗುತ್ತಾ ಉಂಟು. ಕಂಪನಿ ಹೆಸರನ್ನೂ ಹಾಕುವುದಿಲ್ಲ. ಯಾಕೆಂದರೆ ನನ್ನ ದೊಡ್ಡ ದೂರು ಒಂದು ಕಂಪನಿಯ ಮೇಲಲ್ಲ, ಈ ಜಾತಿಯ ಎಲ್ಲ ಡಬ್ಬಗಳ ಮೇಲೆ. ಉಡುಪಿಯಲ್ಲಿ ನಮ್ಮದೊಂದು ಸಣ್ಣ ಹೂವಿನಂಗಡಿ. ಡಬ್ಬ ಬಂದು ಎರಡು ವರ್ಷದ ಮೇಲಾಯಿತು. ಹೂವು, ಹಣ್ಣು, ಮೀನು, ಹೀಗೆ ದಿನಕ್ಕೊಂದು ರೇಟಿನ ವ್ಯಾಪಾರ ಮಾಡುವವರು ತೆಗೆದುಕೊಳ್ಳುವ ಮೊದಲು ಇದನ್ನು ಓದಿ.

ತರಿಸಿದ್ದು ಯಾಕೆಂದರೆ ಹೂವಿನವರ ಕೈ ಒಣಗಿರುವುದೇ ಇಲ್ಲ. ಬಾಳೆಎಲೆಗೆ ನೀರು ಚಿಮುಕಿಸಬೇಕು, ನಾರು ನೆನೆಸಬೇಕು, ಸೇವಂತಿಗೆಯನ್ನು ಮಾರು ಹಾಕಿ ಅಳೆದು ಕೊಡಬೇಕು. ಒದ್ದೆ ಬೆರಳಿಗೆ ಫೋನ್ ಲಾಕ್ ತೆಗೆಯುವುದೂ ಇಲ್ಲ. ಗಿರಾಕಿ ತನ್ನ ಸ್ಕ್ರೀನ್ ತೋರಿಸಿ "ಹಾಕಿದೆ ಅಣ್ಣ" ಅಂದರೆ ನಂಬಬೇಕಿತ್ತು. ನಕಲಿ ಸ್ಕ್ರೀನ್‌ಶಾಟ್ ತೋರಿಸಿ ಹೋಗುವವರ ಕಥೆ ಎಲ್ಲ ಅಂಗಡಿಯಲ್ಲೂ ಉಂಟು. ಡಬ್ಬ ಬಂದ ಮೇಲೆ ಆ ತಲೆಬಿಸಿ ಹೋಯಿತು. ಅದರೊಳಗೆ ಅದರದ್ದೇ ಸಿಮ್ ಇರುವುದರಿಂದ ನನ್ನ ಫೋನ್ ಮನೆಯಲ್ಲಿ ಬಾಕಿಯಾದರೂ ತೊಂದರೆ ಇಲ್ಲ. ದುಡ್ಡು ಬಂದರೆ ಹೇಳುತ್ತದೆ, ಬಾರದಿದ್ದರೆ ಸುಮ್ಮನಿರುತ್ತದೆ.

ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಒಣ ಬಟ್ಟೆಯಲ್ಲಿ ಅದನ್ನು ಒರೆಸುತ್ತೇನೆ. ನಮ್ಮ ಊರಿನ ಹವೆಗೆ ರಾತ್ರಿ ಕಳೆಯುವುದರೊಳಗೆ ಎಲ್ಲದರ ಮೇಲೂ ಒಂದು ಪಸೆ ಕೂತಿರುತ್ತದೆ. ದೇವರ ಪಟಕ್ಕೆ ಹೂ ಇಟ್ಟು, ಉಳಿದ ತುಂಡನ್ನು ಕ್ಯೂಆರ್ ಬೋರ್ಡಿಗೆ ಸಿಕ್ಕಿಸುತ್ತೇನೆ. ಚೌಕಗಳ ಮೇಲೆ ಬರಬಾರದು, ಬಂದರೆ ಸ್ಕ್ಯಾನ್ ಆಗುವುದಿಲ್ಲ. ಮೊದಲೆಲ್ಲ ಬೋಣಿಯ ನೋಟನ್ನು ಕಣ್ಣಿಗೊತ್ತಿಕೊಂಡು ಗಲ್ಲಾಪೆಟ್ಟಿಗೆಗೆ ಹಾಕುತ್ತಿದ್ದೆವು. ಈಗ ಬೋಣಿಯೂ ಹೆಚ್ಚಾಗಿ ಯುಪಿಐ. ಕಣ್ಣಿಗೆ ಒತ್ತಿಕೊಳ್ಳುವುದು ಎಂತದನ್ನು? ಡಬ್ಬ ಹೇಳಿ ಮುಗಿಸಿದ ಮೇಲೆ ಅದರ ತಲೆ ಮುಟ್ಟಿ ಕೈಯನ್ನು ಕಣ್ಣಿಗೆ ತಾಗಿಸುತ್ತೇನೆ. ನೋಡಿದವರು ನಗುತ್ತಾರೆ, ನಗಲಿ.

ಇನ್ನು ದೂರಿಗೆ ಬರುತ್ತೇನೆ. ಅದು ಅರ್ಥ ಆಗಬೇಕಾದರೆ ಮಲ್ಲಿಗೆ ವ್ಯಾಪಾರ ಸ್ವಲ್ಪ ಗೊತ್ತಿರಬೇಕು. ಶಂಕರಪುರದ ಮಲ್ಲಿಗೆಗೆ ಕಟ್ಟೆಯಲ್ಲಿ, ಅಂದರೆ ಬೆಳೆದವರ ಹೂ ಬಂದು ಸೇರುವ ಜಾಗದಲ್ಲಿ, ದಿನಾ ರೇಟ್ ಆಗುತ್ತದೆ. ಲೆಕ್ಕ ಅಟ್ಟೆಯದ್ದು. ಒಂದು ಚೆಂಡಿಗೆ 800 ಹೂ, 4 ಚೆಂಡಿಗೆ ಒಂದು ಅಟ್ಟೆ. ಮದುವೆ ಸೀಸನಿನಲ್ಲಿ ಅಟ್ಟೆಗೆ 2,100 ರೂಪಾಯಿ ಮುಟ್ಟಿದ್ದುಂಟು. ಬೇಡಿಕೆ ಇಲ್ಲದ ದಿನ ಅದರ ಕಾಲು ಭಾಗವೂ ಇರುವುದಿಲ್ಲ. ಒಂದು ಕಾಲದಲ್ಲಿ ಈ ರೇಟ್ ಬೆಳೆಯುವವರಿಗೆ, ಕಟ್ಟೆಯವರಿಗೆ, ನಮ್ಮಂಥವರಿಗೆ ಮಾತ್ರ ಗೊತ್ತಿರುತ್ತಿತ್ತು. ಈಗ ಕಟ್ಟೆಯಲ್ಲಿ ರೇಟ್ ಆದ ಕೂಡಲೇ ವಾಟ್ಸಾಪ್‌ನಲ್ಲಿ ಊರಿಡೀ ಓಡುತ್ತದೆ. ಗಿರಾಕಿ ಬರುವಾಗಲೇ ಅದನ್ನು ತೆರೆದು ಹಿಡಿದುಕೊಂಡು ಬರುತ್ತಾರೆ. ಬೆಳೆಯುವವರಿಗೆ ಇದರಿಂದ ಒಳ್ಳೆಯದೇ ಆಯಿತು, ಯಾರೂ ಸುಳ್ಳು ರೇಟ್ ಹೇಳುವಂತಿಲ್ಲ. ನನಗೆ ಮಾತ್ರ ದಿನಾ ಒಂದು ಪಾಠ ಮಾಡುವ ಕೆಲಸ: ಕಟ್ಟೆ ರೇಟ್ ಬೇರೆ, ಅಂಗಡಿ ರೇಟ್ ಬೇರೆ. ಸಾಗಾಟ ಉಂಟು, ಬಾಡಿಗೆ ಉಂಟು, ಸಂಜೆಗೆ ಬಾಡಿ ಬಿಸಾಡುವ ಹೂವೂ ಉಂಟು.

ಅಷ್ಟಾದರೂ ಕೊನೆಗೆ ಯಾರಿಗೆ ಎಷ್ಟಕ್ಕೆ ಕೊಟ್ಟೆ ಅನ್ನುವುದು ನಮ್ಮಿಬ್ಬರ ನಡುವೆ ಉಳಿಯುತ್ತಿತ್ತು. ಡಬ್ಬ ಅದನ್ನೂ ಬೀದಿಗೆ ಹಾಕಿತು.

ಒಂದು ಶುಕ್ರವಾರ ಕಟ್ಟೆಯಲ್ಲಿ ಅಟ್ಟೆಗೆ 1,200. ಅಂದರೆ ಚೆಂಡಿಗೆ ನನಗೇ 300 ಬಿತ್ತು. ಅಂಗಡಿಯಲ್ಲಿ 360 ಹೇಳುತ್ತಿದ್ದೆ. ಹತ್ತಿರದ ಗುಡಿಯ ಭಟ್ರು ಬಂದರು. ಅವರು ಮಳೆ ಇರಲಿ, ಬಿಸಿಲಿರಲಿ, ರೇಟ್ ಬಿದ್ದ ದಿನವೂ ಏರಿದ ದಿನವೂ ಒಂದು ಚೆಂಡು ತೆಗೆದುಕೊಂಡೇ ಹೋಗುವವರು. ಅವರಿಗೆ ನಾನು ಹೆಚ್ಚು ಇಡುವುದಿಲ್ಲ. ಸ್ಕ್ಯಾನ್ ಮಾಡಿದರು. ಡಬ್ಬ ಗಂಟಲು ಬಿಟ್ಟು ಹೇಳಿತು: "ಮುನ್ನೂರ ಇಪ್ಪತ್ತು ರೂಪಾಯಿ ಸ್ವೀಕರಿಸಲಾಗಿದೆ." ಹಿಂದೆಯೇ ನಿಂತಿದ್ದ ಅಕ್ಕನಿಗೆ ಆಗಷ್ಟೇ 360 ಅಂದಿದ್ದೆ.

"ಎಂತಣ್ಣ, ಭಟ್ರಿಗೆ ಇಪ್ಪತ್ತು, ನಮಗೆ ಅರವತ್ತಾ?"

"ಅವರು ದಿನಾ ಬರುವವರು ಅಕ್ಕ."

"ನಾನೂ ನಾಳೆಯಿಂದ ದಿನಾ ಬರ್ತೇನೆ. ಇವತ್ತಿಂದಲೇ 320 ಮಾಡಿ."

ಮಾಡಿದೆ. ಅವರ ಹಿಂದೆ ಇದ್ದವರಿಗೂ ಮಾಡಬೇಕಾಯಿತು. ಅವತ್ತಿಡೀ ಡಬ್ಬ 320, 320 ಅಂತ ಕೂಗಿಕೊಂಡೇ ಇತ್ತು. ಈ ಯಂತ್ರ ಮಾಡಿದವರು ಚಹಾ ಅಂಗಡಿಯನ್ನು ನೋಡಿರಬೇಕು, ಹೂವಿನಂಗಡಿಯನ್ನು ನೋಡಿಲ್ಲ. ಹೋಟೆಲಿನಲ್ಲಿ ಬನ್ಸಿಗೆ ಎಲ್ಲರಿಗೂ ಒಂದೇ ರೇಟ್. ನಮ್ಮದು ಮುಖ ನೋಡಿ, ಹೊತ್ತು ನೋಡಿ, ಹೂವಿನ ಅರಳು ನೋಡಿ ಕೊಡುವ ವ್ಯಾಪಾರ. ಸಂಜೆ ಏಳಕ್ಕೆ ಉಳಿದ ಹೂವನ್ನು ಅರ್ಧಕ್ಕೆ ಕೊಟ್ಟರೂ ಅದು ಕೂಗುತ್ತದೆ. ಮದುವೆ ಹೂವಿಗೆ ಮುಂಗಡ ಹಾಕಿದರೂ ಕೂಗುತ್ತದೆ.

ಅದನ್ನು ಕೇಳಿಸಿಕೊಳ್ಳಲು ಸರಿಯಾದ ಹೊತ್ತಿಗೆ ಬರುವವರು ಪಿಗ್ಮಿಯವರು. ದಿನಾ ಇಷ್ಟಿಷ್ಟು ಕಟ್ಟುವ ಈ ಪಿಗ್ಮಿ ಹುಟ್ಟಿದ್ದೇ ನಮ್ಮ ಕಡೆ, 1928ರಲ್ಲಿ, ಸಿಂಡಿಕೇಟ್ ಬ್ಯಾಂಕಿನವರಿಂದ. ನಮ್ಮ ಪಿಗ್ಮಿಯವರು ಎರಡು ಪೇಮೆಂಟ್ ಕೇಳುವಷ್ಟು ಹೊತ್ತು ನಿಂತು, "ಇವತ್ತು ಒಳ್ಳೆ ಉಂಟಲ್ಲ, ಸ್ವಲ್ಪ ಜಾಸ್ತಿ ಹಾಕುವನಾ?" ಅನ್ನುತ್ತಾರೆ. ಇಲ್ಲ ಅನ್ನಲು ಬಾಯಿ ಬರುವುದಿಲ್ಲ.

ಸಹಾಯವಾಣಿಗೆ ಫೋನ್ ಮಾಡಿ ಕೇಳಿದೆ, ಮೊತ್ತ ಹೇಳದೆ ಬರೀ "ಹಣ ಬಂತು" ಅಂತ ಹೇಳಿಸಲಿಕ್ಕೆ ಆಗುವುದಿಲ್ಲವಾ ಅಂತ. "ಆ ಆಪ್ಷನ್ ಇಲ್ಲ ಸರ್, ವಾಲ್ಯೂಮ್ ಕಮ್ಮಿ ಮಾಡಿ" ಅಂದರು. ಕಮ್ಮಿ ಮಾಡಿದರೆ ರಥಬೀದಿಯ ಗದ್ದಲದಲ್ಲಿ ನನಗೇ ಕೇಳಿಸುವುದಿಲ್ಲ. ಬಾಡಿಗೆ ಮಾತ್ರ ತಿಂಗಳು ತಿಂಗಳು ಸುಮ್ನೆ ಕಟ್ ಆಗುತ್ತದೆ. ಅದನ್ನು ಡಬ್ಬ ಕೂಗಿ ಹೇಳುವುದಿಲ್ಲ, ನೋಡಿ! 2020ರಿಂದ ಯುಪಿಐ ಪಾವತಿಗೆ ಅಂಗಡಿಯವರಿಂದ ಕಮಿಷನ್ ಹಿಡಿಯುವಂತಿಲ್ಲ. ಹಾಗಾಗಿ ಇವರ ಗಳಿಕೆ ಡಬ್ಬದ ಬಾಡಿಗೆಯಲ್ಲಿ. ಅದು ಅರ್ಥ ಆಗುತ್ತದೆ. ಆದರೆ ಸೇರಿಸುವಾಗ ಹೇಳಿದ ಬಾಡಿಗೆ ಒಂದು, ಈಗ ಹೋಗುತ್ತಿರುವುದು ಅದಕ್ಕಿಂತ ಜಾಸ್ತಿ. ಡಬ್ಬ ಇಟ್ಟು ಹೋದ ಹುಡುಗ ಆ ಕಂಪನಿಯಲ್ಲೇ ಇಲ್ಲವಂತೆ.

ಮಳೆಗಾಲದಲ್ಲಿ ನೆಟ್‌ವರ್ಕ್ ಎಳೆಯುತ್ತದೆ. ಗಿರಾಕಿ ಹೋದ ಮೇಲೆ ಎರಡು ಮೂರು ಪೇಮೆಂಟ್ ಒಟ್ಟಿಗೆ ಹೇಳುವುದುಂಟು. ಕರೆಂಟ್ ಹೋದರೆ ಬ್ಯಾಟರಿ ಸಾಕಷ್ಟು ಹೊತ್ತು ಬರುತ್ತದೆ. 2025ರ ಏಪ್ರಿಲ್ 12ಕ್ಕೆ ದೇಶದಲ್ಲೆಲ್ಲ ಯುಪಿಐ ನಿಂತಾಗ ಇದೂ ಮೂಕ. ಅದು ಡಬ್ಬದ ತಪ್ಪಲ್ಲ. ಅದೇ ವರ್ಷ ಜುಲೈಯಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಟಿಸ್ ಹೋದವಲ್ಲ, ಬೆಂಗಳೂರಿನಲ್ಲಿ "ನಗದು ಮಾತ್ರ" ಅಂತ ಚೀಟಿ ಅಂಟಿಸಿದರಲ್ಲ, ಆಗ ಇಲ್ಲೂ ಕೆಲವರು ಡಬ್ಬವನ್ನು ಒಳಗಿಟ್ಟರು. ಒಳಗಿಟ್ಟರೆ ಎಂತ ಪ್ರಯೋಜನ? ಲೆಕ್ಕ ಇರುವುದು ಬ್ಯಾಂಕ್ ಖಾತೆಯಲ್ಲಿ, ಕೂಗುವುದರಲ್ಲಿ ಅಲ್ಲ. ತಾಜಾ ಹೂವಿಗೆ ಜಿಎಸ್‌ಟಿಯೂ ಇಲ್ಲ.

ಇಷ್ಟೆಲ್ಲ ಬೈದ ಮೇಲೂ ಡಬ್ಬವನ್ನು ವಾಪಸ್ ಕೊಟ್ಟಿಲ್ಲ. ಕಾರಣ ಅಮ್ಮ. ಮಧ್ಯಾಹ್ನ ನಾನು ಊಟಕ್ಕೆ, ಹೊರಗಿನ ಕೆಲಸಕ್ಕೆ ಹೋದಾಗ ಅಂಗಡಿಯಲ್ಲಿ ಕೂರುವುದು ಅವರೇ. ಹೂ ಕಟ್ಟುವುದರಲ್ಲಿ ನನ್ನ ಎರಡರಷ್ಟು ವೇಗ, ಸ್ಮಾರ್ಟ್‌ಫೋನ್ ಮಾತ್ರ ಮುಟ್ಟುವುದಿಲ್ಲ. ಮೊದಲು ಯಾರಾದರೂ ಸ್ಕ್ಯಾನ್ ಮಾಡಿದರೆ ಪಕ್ಕದ ಅಂಗಡಿಯ ಹುಡುಗನನ್ನು ಕರೆದು "ಬತ್ತ್ಂಡಾ (ಬಂತಾ) ನೋಡು" ಅನ್ನುತ್ತಿದ್ದರು. ಅವನಿಲ್ಲದಿದ್ದರೆ ಗಿರಾಕಿಯನ್ನೇ ವಾಪಸ್ ಕಳಿಸುತ್ತಿದ್ದರು. ಈಗ ತಲೆ ಎತ್ತುವುದೇ ಇಲ್ಲ. ಬೆರಳಲ್ಲಿ ನಾರು ಸುತ್ತುತ್ತಲೇ ಕೇಳಿಸಿಕೊಂಡು, ಮೊತ್ತ ಸರಿ ಇದ್ದರೆ ಗಿರಾಕಿಗೆ ಒಂದು ಗೋಣು ಹಾಕುತ್ತಾರೆ. ಹತ್ತು ರೂಪಾಯಿ ಕಮ್ಮಿ ಬಂದರೆ ಮಾತ್ರ ಕೈ ನಿಲ್ಲುತ್ತದೆ. ನಾನು ಬೆಳಿಗ್ಗೆ ವಾಲ್ಯೂಮ್ ಇಳಿಸುತ್ತೇನೆ, ಮಧ್ಯಾಹ್ನ ಅವರು ಪೂರ್ತಿ ಏರಿಸುತ್ತಾರೆ.

ಕಾಯಂ ಗಿರಾಕಿಗಳಿಗೆ ಈಗ ಬೇರೆ ದಾರಿ ಮಾಡಿದ್ದೇನೆ. ಇನ್ನೊಂದು ಬ್ಯಾಂಕಿನ ಕ್ಯೂಆರ್ ಉಂಟು, ಅದಕ್ಕೆ ಡಬ್ಬ ಇಲ್ಲ. ಅದು ಬಾಳೆಎಲೆ ಕಟ್ಟಿನ ಹಿಂದೆ ಇರುತ್ತದೆ. ಭಟ್ರು ಬಂದರೆ ತಾವೇ ಎಲೆ ಸರಿಸಿ ಸ್ಕ್ಯಾನ್ ಮಾಡುತ್ತಾರೆ. ಅವರದ್ದು ಬಂತಾ ಅಂತ ನೋಡುವ ಅಗತ್ಯವೂ ಇಲ್ಲ.

ನನ್ನ ಲೆಕ್ಕದಲ್ಲಿ 5ಕ್ಕೆ 3. ಒಂದೇ ರೇಟಿನ ಅಂಗಡಿಯಾದರೆ ಕಣ್ಣು ಮುಚ್ಚಿ ತೆಗೆದುಕೊಳ್ಳಬಹುದು. ಚೌಕಾಸಿ ಇರುವ ವ್ಯಾಪಾರವಾದರೆ ಡಬ್ಬ ಇಲ್ಲದ ಇನ್ನೊಂದು ಕ್ಯೂಆರ್ ಮೊದಲೇ ಮಾಡಿಸಿಕೊಳ್ಳಿ. ಬಾಡಿಗೆ ಎಷ್ಟು, ಯಾವ ತಾರೀಕಿಗೆ ಕಟ್ ಆಗುತ್ತದೆ, ವಾಪಸ್ ಕೊಟ್ಟರೆ ಡೆಪಾಸಿಟ್ ಸಿಗುತ್ತದಾ ಅನ್ನುವುದನ್ನು ತಂದುಕೊಡುವ ಹುಡುಗನ ಹತ್ತಿರ ಬಾಯಲ್ಲಿ ಕೇಳಿದರೆ ಸಾಲದು, ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ.