6 ಕೋರೋ, 12 ಕೋರೋ? ಹೈಪರ್‌ಥ್ರೆಡಿಂಗ್ ಜೊತೆ ನಾಲ್ಕು ಕಾಫಿ ಸೀಸನ್

ಚಿಕ್ಕಮಗಳೂರಿನ ಒಬ್ಬ ಕಾಫಿ ವ್ಯಾಪಾರಿಯ ಡೇಟಾಬೇಸ್ ಸರ್ವರ್ ನೋಡಿಕೊಳ್ಳುತ್ತೇನೆ. ಪ್ರೊಸೆಸರ್ ಇಂಟೆಲ್ ಜಿಯಾನ್ ಇ-2236, ಆಪರೇಟಿಂಗ್ ಸಿಸ್ಟಂ ಲಿನಕ್ಸ್, ಡೇಟಾಬೇಸ್ ಪೋಸ್ಟ್‌ಗ್ರೆಸ್. ಮಾರಿದವರು "12 ಕೋರ್ ಸಾರ್" ಅಂದಿದ್ದರು. ಸುಳ್ಳು. ಕೋರ್, ಅಂದರೆ ನಿಜವಾಗಿ ಲೆಕ್ಕ ಮಾಡುವ ಘಟಕ, 6. ಥ್ರೆಡ್, ಅಂದರೆ ಕೋರ್ ಹಿಡಿಯುವ ಕೆಲಸದ ಸಾಲು, ಕೋರ್‌ಗೆ ಎರಡರಂತೆ 12. ಇಂಟೆಲ್ 2002ರಲ್ಲೇ ತಂದ ಹೈಪರ್‌ಥ್ರೆಡಿಂಗ್ ಇದು, ಎಎಂಡಿ ಚಿಪ್‌ಗಳಲ್ಲಿ ಎಸ್‌ಎಂಟಿ ಅಂತಾರೆ.

ನಮ್ಮ ಗೋಡೌನಿನಲ್ಲಿ ತಕ್ಕಡಿ ಒಂದೇ, ಸಾಲು ಎರಡು. ಒಂದು ಸಾಲಿನವನು ಪಿಕಪ್‌ನಿಂದ ಮೂಟೆ ಇಳಿಸುವಷ್ಟರಲ್ಲಿ ಇನ್ನೊಂದು ಸಾಲಿನ ಮೂಟೆ ತೂಗಿ ಆಗಿರುತ್ತದೆ. ಕೋರ್ ಒಳಗೂ ಹೀಗೇ. ಇಂಡೆಕ್ಸ್ (ಡೇಟಾದ ವಿಷಯಸೂಚಿ) ಹುಡುಕುವಾಗ ಬೇಕಾದ ಡೇಟಾ ಚಿಪ್ ಒಳಗಿನ ಚಿಕ್ಕ, ವೇಗದ ಮೆಮೊರಿಯಾದ ಕ್ಯಾಶ್‌ನಲ್ಲಿ ಇಲ್ಲದಿದ್ದರೆ ರ‍್ಯಾಮ್‌ನಿಂದ ಬರುವವರೆಗೂ ಆ ಥ್ರೆಡ್ ಸುಮ್ನೆ ನಿಂತಿರುತ್ತದೆ, ಆ ಹೊತ್ತಲ್ಲಿ ಜೊತೆಯ ಥ್ರೆಡ್ ತನ್ನ ಕೆಲಸ ಮುಗಿಸಿಕೊಳ್ಳುತ್ತದೆ. ಆದರೆ ಇಬ್ಬರೂ ಒಟ್ಟಿಗೆ ಮೂಟೆ ಹೊತ್ತು ಬಂದರೆ ಒಬ್ಬ ಕಾಯಲೇಬೇಕು, ಅಲ್ವಾ?

ಡಿಸೆಂಬರಿನಲ್ಲಿ ಅರೇಬಿಕಾ ಬರುವಾಗ ಮೂಡಿಗೆರೆ, ಕೊಪ್ಪದ ಕೌಂಟರ್‌ಗಳಿಂದ ಸಣ್ಣ ಸಣ್ಣ ಕ್ವೆರಿಗಳ ಸುರಿಮಳೆ. ಬೆಳೆಗಾರರ ಖಾತೆ ತೆಗೆ, ಹಳೇ ಬಾಕಿ ತೋರಿಸು, ಇಷ್ಟೇ. ಪೋಸ್ಟ್‌ಗ್ರೆಸ್‌ನ ವೇಗ ಅಳೆಯುವ ಪಿಜಿಬೆಂಚ್ ಹಾಕಿ ನೋಡಿದಾಗ ಹೈಪರ್‌ಥ್ರೆಡಿಂಗ್ ಆಫ್‌ಗಿಂತ ಆನ್‌ನಲ್ಲಿ ಸುಮಾರು ಕಾಲು ಭಾಗ ಜಾಸ್ತಿ ಕೆಲಸ ಆಯಿತು. ಎರಡರಷ್ಟಲ್ಲ, ಕಾಲು ಭಾಗ. ಪುಕ್ಕಟೆ ಸಿಕ್ಕಿದ್ದಕ್ಕೆ ಅದೇನು ಕಮ್ಮಿಯಲ್ಲ.

ಎಡವಿದ್ದು ನಾನೇ. 12 ಥ್ರೆಡ್ ಇದೆಯಲ್ಲ ಅಂತ ಒಂದು ಕ್ವೆರಿಗೆ ಸಿಗುವ ಪ್ಯಾರಲಲ್ ವರ್ಕರ್‌ಗಳನ್ನು (ಕೆಲಸ ಹಂಚಿಕೊಂಡು ಒಟ್ಟಿಗೆ ಮಾಡುವ ಪ್ರೋಸೆಸ್‌ಗಳು) 2ರಿಂದ 8ಕ್ಕೆ ಏರಿಸಿದೆ. ಸಂಜೆ ಯಜಮಾನರು ಇಡೀ ಸೀಸನ್ನಿನ ಲೆಕ್ಕದ ರಿಪೋರ್ಟ್ ಒತ್ತಿದರು ನೋಡಿ, ಬಿಲ್ಲಿಂಗ್ ಎಲ್ಲ ತೆವಳತೊಡಗಿತು, ಕೌಂಟರಿನ ಹುಡುಗರ ಫೋನ್ ಮೇಲೆ ಫೋನ್. ವರ್ಕರ್‌ಗಳೆಲ್ಲ ಅದೇ 6 ಕೋರ್‌ಗೆ ಕಿತ್ತಾಡುತ್ತಿದ್ದವು. ಮೆಮೊರಿಯೂ ಸಿಕ್ಕಾಪಟ್ಟೆ ಖರ್ಚಾಯಿತು, ಯಾಕೆಂದರೆ ವಿಂಗಡಣೆಯಂಥ ಕೆಲಸಕ್ಕೆ ಬಳಸಬಹುದಾದ ಮೆಮೊರಿಯ ವರ್ಕ್_ಮೆಮ್ ಮಿತಿ ಪ್ರತಿ ವರ್ಕರ್‌ಗೂ ಬೇರೆ ಬೇರೆ. ವಾಪಸ್ 2ಕ್ಕೆ ಇಳಿಸಿದೆ, ರಿಪೋರ್ಟನ್ನು ರಾತ್ರಿಗೆ ತಳ್ಳಿದೆ.

ಸಿಪಿಯು ಮೀಟರನ್ನೂ ಪೂರ್ತಿ ನಂಬಬೇಡಿ. 6 ಭಾರೀ ಕ್ವೆರಿಗಳು ಒಂದೊಂದು ಕೋರ್ ಹಿಡಿದು ಕೂತರೆ ಅದು 12 ಥ್ರೆಡ್‌ಗಳ ಲೆಕ್ಕದಲ್ಲಿ 50 ಪರ್ಸೆಂಟ್ ತೋರಿಸುತ್ತದೆ. ಇನ್ನೂ ಅರ್ಧ ಬಾಕಿ ಇದೆ ಅಂತ ಖುಷಿಪಟ್ಟರೆ ಮೋಸ ಹೋದಿರಿ.

ಬಿಲ್ ಸೇವ್ ಆಗುವುದು ಮಾತ್ರ ಆನ್ ಮಾಡಿದರೂ ಆಫ್ ಮಾಡಿದರೂ ಅಷ್ಟೇ ನಿಧಾನ ಇತ್ತು. ಕಮಿಟ್ ಆಗಬೇಕಾದರೆ (ಬಿಲ್ ಪಕ್ಕಾ ಸೇವ್ ಆಗುವುದು) ಲಾಗ್, ಅಂದರೆ ಬದಲಾವಣೆಗಳ ದಾಖಲೆ, ಡಿಸ್ಕಿಗೆ ಇಳಿಯಬೇಕು, ಅಲ್ಲಿ ಥ್ರೆಡ್ ಏನು ಮಾಡೀತು? ಹಳೇ ಹಾರ್ಡ್ ಡಿಸ್ಕ್ ಕಿತ್ತು, ಕರೆಂಟ್ ಹೋದರೂ ಡೇಟಾ ಉಳಿಸಿಕೊಳ್ಳುವ ಎಸ್‌ಎಸ್‌ಡಿ ಹಾಕಿದ ಮೇಲೆ ಸರಿಹೋಯಿತು. ಮಲೆನಾಡಿನ ಮಳೆಗಾಲಕ್ಕೆ ಅಂಥದ್ದೇ ಬೇಕು.

ನಿಮ್ಮಲ್ಲೂ ಆನ್, ಆಫ್ ಎರಡನ್ನೂ ಪರೀಕ್ಷಿಸಿ. ಈಗಿನ ಲಿನಕ್ಸ್‌ನಲ್ಲಿ ರೀಬೂಟ್ ಇಲ್ಲದೇ ಮಾಡಬಹುದು. ನಾನಂತೂ ಆನ್‌ನಲ್ಲೇ ಇಟ್ಟಿದ್ದೇನೆ.

ರೋಬಸ್ಟಾ ಮುಗಿದ ಮೇಲೆ ಹೊಸ ಸರ್ವರ್ ಬರಬೇಕು. ಕೊಟೇಶನ್‌ನಲ್ಲಿ ಮತ್ತೆ ಅದೇ "12 ಕೋರ್". ಕೋರ್ ಎಷ್ಟು, ಥ್ರೆಡ್ ಎಷ್ಟು, ಬೇರೆ ಬೇರೆ ಬರೆದುಕೊಡಿ ಅಂತ ವಾಪಸ್ ಕಳಿಸಿದ್ದೇನೆ.