ನೋವು ಹೋಯಿತು ಅಂತ ಜಿಗಿಯಬೇಡಿ: ಬ್ಯಾಲೆ ಕಲಿಯುವವರ ಮಂಡಿ ಬಗ್ಗೆ ಒಂದು ಎಚ್ಚರಿಕೆ

ಬೆಂಗಳೂರಿನಲ್ಲಿ ಬ್ಯಾಲೆ ಕಲಿಯುತ್ತಿರುವ ಹುಡುಗಿಯೊಬ್ಬಳ ಬಲ ಮಂಡಿಗೆ ಆದದ್ದು ಇದು. ಅವಳ ಹೆಸರು, ತರಗತಿಯ ಹೆಸರು, ಕ್ಲಿನಿಕ್ಕಿನ ಹೆಸರು ಯಾವುದೂ ಬೇಡ. ಇಂಥದ್ದು ಯಾವ ತರಗತಿಯಲ್ಲಾದರೂ ಆಗುತ್ತದೆ. ವಯಸ್ಸು 22. ಒಂಬತ್ತು ವರ್ಷ ಭರತನಾಟ್ಯ, ಆಮೇಲೆ ಎರಡು ವರ್ಷದಿಂದ ಬ್ಯಾಲೆ, ವಾರಕ್ಕೆ ನಾಲ್ಕು ತರಗತಿ. ಮಾಡಿದ ತಪ್ಪು ಒಂದೇ, ಆದರೆ ಅದನ್ನು ನಾಲ್ಕು ಸಲ ಮಾಡಿದಳು: ನೋವು ಕಡಿಮೆಯಾದಾಗಲೆಲ್ಲ ಮಂಡಿ ಗಟ್ಟಿಯಾಯಿತು ಅಂದುಕೊಂಡಳು. ಕಳೆದುಕೊಂಡದ್ದು ಒಂದು ಪ್ರದರ್ಶನ ಮತ್ತು ಹೆಚ್ಚುಕಡಿಮೆ ಒಂದು ವರ್ಷ.

ಶುರುವಾದದ್ದು ಮಂಡಿಚಿಪ್ಪಿನ ಕೆಳತುದಿಯಲ್ಲಿ. ಎಲ್ಲಿ ನೋವು ಅಂದರೆ ಒಂದೇ ಬೆರಳಿಟ್ಟು ತೋರಿಸುವಷ್ಟು ಚಿಕ್ಕ ಜಾಗ. ತರಗತಿಯ ಮೊದಲ ಹತ್ತು ನಿಮಿಷ ಚುಚ್ಚುತ್ತಿತ್ತು, ಮೈ ಬಿಸಿಯಾದ ಮೇಲೆ ಮಾಯ. ಮಾರನೇ ದಿನ ಬೆಳಿಗ್ಗೆ ಮೆಟ್ಟಿಲಿಳಿಯುವಾಗ ಮತ್ತೆ ಹಾಜರ್. ಚಿಪ್ಪಿನ ಕೆಳಗೆ ಗಟ್ಟಿ ಪಟ್ಟಿಯಂತಿರುವ ಸ್ನಾಯುರಜ್ಜು ತೊಡೆಯ ಬಲವನ್ನೆಲ್ಲ ಕಾಲಿನ ಮೂಳೆಗೆ ದಾಟಿಸುತ್ತದೆ. ಜಿಗಿದು ಇಳಿಯುವ ಪ್ರತಿ ಸಲವೂ ಮೈಭಾರದ ಹಲವು ಪಟ್ಟು ಎಳೆತ ಅದರ ಮೇಲೆ ಬೀಳುತ್ತದೆ. ದಣಿದ ರಜ್ಜುವಿನ ಗುಣವೇ ಅದು: ಬಿಸಿಯಾದಾಗ ಸುಮ್ಮನಿರುತ್ತದೆ, ಮಾರನೇ ದಿನ ಲೆಕ್ಕ ಕೇಳುತ್ತದೆ. "ವಾರ್ಮ್ ಅಪ್ ಆದ ಮೇಲೆ ಸರಿ ಹೋಗುತ್ತೆ ಬಿಡಿ ಮೇಡಂ" ಅಂತ ಅವಳು ಎರಡು ತಿಂಗಳು ಟೀಚರಿಗೆ ಹೇಳಿಕೊಂಡು ಬಂದಳು. ಇದು ಮೊದಲನೇ ಸಲ.

ಒಂದು ಮಾತು ನಡುವೆ. ನಿಮ್ಮ ನೋವು ಒಂದು ಬೆರಳಿಗೆ ಸಿಗದೆ, ಅಂಗೈಯನ್ನು ಚಿಪ್ಪಿನ ಸುತ್ತ ಆಡಿಸಿ "ಇಲ್ಲೆಲ್ಲೋ" ಅನ್ನುವಂತಿದ್ದರೆ, ಬಸ್ಸಿನಲ್ಲಿ ಎರಡು ಗಂಟೆ ಮಂಡಿ ಮಡಚಿ ಕೂತು ಎದ್ದಾಗ ಹಿಡಿದುಕೊಳ್ಳುತ್ತಿದ್ದರೆ, ಅದು ರಜ್ಜುವಿನದಲ್ಲದೆ ಚಿಪ್ಪು ಮತ್ತು ತೊಡೆಮೂಳೆಯ ನಡುವಿನ ತಕರಾರು ಇರುವ ಸಂಭವವೇ ಹೆಚ್ಚು. ಅದಕ್ಕೆ ಮೊದಲು ಬೇಕಾದದ್ದು ಸೊಂಟದ ಪಕ್ಕದ ಸ್ನಾಯುಗಳ ಬಲ. ಎರಡನ್ನೂ "ಮಂಡಿ ನೋವು" ಎಂಬ ಒಂದೇ ಚೀಲಕ್ಕೆ ತುಂಬಿ, ಯೂಟ್ಯೂಬ್ ನೋಡಿ ಒಂದೇ ವ್ಯಾಯಾಮ ಮಾಡುವುದರಿಂದ ಕೆಟ್ಟವರು ಬಹಳ.

ರಜ್ಜು ಕೆಡಲು ಮುಖ್ಯ ಕಾರಣ ಜಿಗಿತದ ಲೆಕ್ಕ. ಒಂದೂವರೆ ಗಂಟೆಯ ಮಾಮೂಲಿ ತರಗತಿಯಲ್ಲೇ 200ಕ್ಕೂ ಹೆಚ್ಚು ಜಿಗಿತ ಇರುತ್ತದೆ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಒಂಟಿಕಾಲಿನ ಮೇಲೆ ಇಳಿಯುವಂಥವು. ಪ್ರದರ್ಶನದ ರಿಹರ್ಸಲ್ ಶುರುವಾದ ಹದಿನೈದೇ ದಿನದಲ್ಲಿ ಅವಳ ಜಿಗಿತ ಎರಡು ಪಟ್ಟಾಗಿತ್ತು. ಅದೂ ಬಾಡಿಗೆ ಹಾಲ್‌ನ ವಿಟ್ರಿಫೈಡ್ ಟೈಲ್ಸ್ ಮೇಲೆ. ಟೈಲ್ಸ್ ಮೇಲೆ ತೆಳು ವಿನೈಲ್ ಹಾಸಿದ್ದರು. ಅದು ಜಾರದಂತೆ ತಡೆಯುತ್ತದೆ ಅಷ್ಟೇ, ಏಟು ಹೀರುವುದಿಲ್ಲ. ಅಡಿಯಲ್ಲಿ ಕಾಂಕ್ರೀಟ್ ಇದ್ದರೆ ಇಳಿದ ಏಟೆಲ್ಲ ಕಾಲಿಗೇ. ಮಕ್ಕಳು ಆಡುವ ಜೋಡಿಸುವ ಫೋಮ್ ಮ್ಯಾಟ್ ಹಾಸುವುದು ಇನ್ನೂ ಕೆಟ್ಟದ್ದು: ಪಿರುಯೆಟ್ (ಒಂಟಿಕಾಲ ಗಿರಕಿ) ತಿರುಗುವಾಗ ಪಾದ ಅಲ್ಲೇ ಕಚ್ಚಿಕೊಂಡು ಮಂಡಿ ಮಾತ್ರ ತಿರುಗುತ್ತದೆ. ಬ್ಯಾಲೆಗೆ ಬೇಕಾದದ್ದು ಅಡಿಯಲ್ಲಿ ಮರದ ಪಟ್ಟಿ ಅಥವಾ ಫೋಮ್ ತುಂಡುಗಳ ಮೇಲೆ ಕೂರಿಸಿದ, ತುಳಿದರೆ ಸ್ವಲ್ಪ ಬಗ್ಗುವ ಮರದ ನೆಲ. ಫೀಸು ಕಟ್ಟುವ ಮುನ್ನ ನೆಲದ ಅಡಿಯಲ್ಲಿ ಏನಿದೆ ಅಂತ ಕೇಳುವುದರಲ್ಲಿ ನಾಚಿಕೆಯೇನೂ ಇಲ್ಲ.

ಜಿಗಿತ ಅನ್ನವಾದರೆ, ಕಾಲುಗಳನ್ನು ಸೊಂಟದಿಂದಲೇ ಹೊರಗೆ ತಿರುಗಿಸಿ ನಿಲ್ಲುವ ಟರ್ನ್‌ಔಟ್ ಒಗ್ಗರಣೆ. ಎರಡೂ ಪಾದ ಸೇರಿ 180 ಡಿಗ್ರಿ ತೆರೆಯಬೇಕು ಎಂಬ ಚಿತ್ರ ಎಲ್ಲರ ತಲೆಯಲ್ಲೂ ಇದೆ. ಆದರೆ ಸೊಂಟದ ಕೀಲು ಎಷ್ಟು ಹೊರಗೆ ತಿರುಗುತ್ತದೆ ಎಂಬುದು ಬಹುಪಾಲು ಮೂಳೆಯ ಆಕಾರದ ಮೇಲೆ ನಿಂತಿದೆ, ಹಟದ ಮೇಲಲ್ಲ. ಆಗ ವಿದ್ಯಾರ್ಥಿಗಳು ಒಂದು ಕಳ್ಳದಾರಿ ಹಿಡಿಯುತ್ತಾರೆ: ಡೆಮಿ ಪ್ಲಿಯೆಯಲ್ಲಿ, ಅಂದರೆ ಅರ್ಧಕ್ಕೆ ಮಂಡಿ ಬಗ್ಗಿಸಿ, ಪಾದಗಳನ್ನು ಅಗಲಕ್ಕೆ ತೆರೆದು, ಆಮೇಲೆ ಮಂಡಿ ನೆಟ್ಟಗೆ ಮಾಡುವುದು. ಬಗ್ಗಿದ ಮಂಡಿಯಲ್ಲಿ ಕೆಳಗಾಲು ಸ್ವಲ್ಪ ತಿರುಗುತ್ತದೆ. ನೆಟ್ಟಗಾಗುವಾಗ ಪಾದವನ್ನು ನೆಲ ಹಿಡಿದಿರುತ್ತದೆ, ಸೊಂಟ ಬರುವುದಿಲ್ಲ, ಒದ್ದೆ ಬಟ್ಟೆ ಹಿಂಡಿದ ಹಾಗೆ ನಡುವೆ ಮಂಡಿ ತಿರುಚಿಕೊಳ್ಳುತ್ತದೆ. ಪಾದದ ಒಳಕಮಾನು ಕುಸಿದು, ಮಂಡಿ ಹೆಬ್ಬೆರಳಿಗಿಂತ ಒಳಗೆ ಬೀಳುವುದು ಇದರ ಗುರುತು.

ಮನೆಯಲ್ಲೇ ನೋಡಿಕೊಳ್ಳಿ. ನುಣುಪು ನೆಲದ ಮೇಲೆ ಎರಡು ಎ4 ಹಾಳೆ ಇಟ್ಟು, ಒಂದೊಂದರ ಮೇಲೆ ಒಂದೊಂದು ಪಾದ. ಹಿಮ್ಮಡಿ ಸೇರಿಸಿ, ಮಂಡಿ ನೆಟ್ಟಗಿಟ್ಟು, ಬರೀ ಸೊಂಟದಿಂದ ಕಾಲು ಹೊರಗೆ ತಿರುಗಿಸಿ. ಹಾಳೆ ಜಾರುವುದರಿಂದ ನೆಲ ನಿಮಗೆ ಸಹಾಯ ಮಾಡುವುದಿಲ್ಲ. ಎಲ್ಲಿ ನಿಂತಿತೋ ಅಲ್ಲಿಗೆ ಸೀಮೆಸುಣ್ಣದ ಗೆರೆ ಹಾಕಿ. ಆಮೇಲೆ ಹಾಳೆ ತೆಗೆದು, ತರಗತಿಯಲ್ಲಿ ನಿಲ್ಲುವ ಹಾಗೆ, ಹಿಮ್ಮಡಿ ಸೇರಿಸಿ ಪಾದ ಹೊರಗೆ ತೆರೆದ ಫಸ್ಟ್ ಪೊಸಿಶನ್‌ನಲ್ಲಿ ನಿಂತು ಇನ್ನೊಂದು ಗೆರೆ ಎಳೆಯಿರಿ. ಎರಡರ ನಡುವಿನ ಅಂತರ ಮಂಡಿ ಮತ್ತು ಪಾದ ಕಟ್ಟುತ್ತಿರುವ ಕಂದಾಯ. ಇವಳದು ಹಾಳೆಯ ಮೇಲೆ 115 ಡಿಗ್ರಿ ಹತ್ತಿರ ನಿಂತಿತು, ತರಗತಿಯಲ್ಲಿ 160. ಕಪ್ಪೆಯಂತೆ ಮಲಗಿ ಗೆಳತಿಯನ್ನು ಮಂಡಿಯ ಮೇಲೆ ಕೂರಿಸಿಕೊಳ್ಳುವುದರಿಂದ ಈ ಅಂತರ ಮುಚ್ಚುವುದಿಲ್ಲ.

ಭರತನಾಟ್ಯದಿಂದ ಬಂದವರಿಗೆ ಇಲ್ಲಿ ಇನ್ನೊಂದು ತೊಡಕು. ಅರೆಮಂಡಿಯಲ್ಲಿ ತೊಡೆ ಹೊತ್ತುಗಟ್ಟಲೆ ಹಿಡಿದು ನಿಲ್ಲುವುದನ್ನು ಕಲಿತಿರುತ್ತದೆ. ಪ್ಲಿಯೆ ಎಂದರೆ ಎಲ್ಲೂ ನಿಲ್ಲದೆ ಇಳಿದು ಏರುವುದು. ಜಿಗಿತದಿಂದ ಇಳಿಯುವಾಗ ಬೆರಳು, ಮುಂಪಾದ, ಹಿಮ್ಮಡಿ ಎಂಬ ಕ್ರಮದಲ್ಲಿ ನೆಲ ಮುಟ್ಟಿ, ಮಂಡಿ ಎರಡನೇ ಬೆರಳಿನ ನೇರಕ್ಕೆ ಬಗ್ಗಬೇಕು. ಪಾದವನ್ನು ನೆಲಕ್ಕೆ ತಟ್ಟುವ ಅಭ್ಯಾಸವಿದ್ದ ಇವಳು ಇಡೀ ಪಾದವನ್ನು ಒಟ್ಟಿಗೇ ಊರುತ್ತಿದ್ದಳು. ಸದ್ದು ಕೇಳಿದರೇ ಗೊತ್ತಾಗುತ್ತಿತ್ತು.

ಎರಡನೇ ಸಲ ತಪ್ಪಿದ್ದು ಮಾತ್ರೆಯಿಂದ. ತರಗತಿಗೆ ಅರ್ಧ ಗಂಟೆ ಮೊದಲು ನೋವಿನ ಮಾತ್ರೆ, ಮೇಲೆ ಬಿಗಿಯಾದ ನೀ ಕ್ಯಾಪ್. ಮಾತ್ರೆ ಮುಚ್ಚಿದ್ದು ಎಚ್ಚರಿಕೆಯ ಗಂಟೆಯನ್ನು. ರಜ್ಜುವಿನ ಮೇಲಿನ ಎಳೆತ ಒಂದು ಗ್ರಾಂ ಕೂಡ ಇಳಿಯಲಿಲ್ಲ.

ಮೂರನೆಯದು ನಿಜವಾಗಿ ದುಬಾರಿಯಾದದ್ದು: ಆರು ವಾರ ಸಂಪೂರ್ಣ ವಿಶ್ರಾಂತಿ. ಡಾಕ್ಟರು "ರೆಸ್ಟ್ ಮಾಡಿ" ಅಂದರು, ಇವಳು ಅಕ್ಷರಶಃ ಮಾಡಿದಳು. ನೋವು ಪೂರ್ತಿ ಹೋಯಿತು. ಟೈಲರ್ ಟೇಪಿನಲ್ಲಿ ಚಿಪ್ಪಿನ ಮೇಲಂಚಿನಿಂದ 10 ಸೆಂಟಿಮೀಟರ್ ಮೇಲೆ ತೊಡೆಯ ಸುತ್ತಳತೆ ತೆಗೆದಿದ್ದರೆ ಬಲಗಾಲು ಎಡಗಾಲಿಗಿಂತ 2 ಸೆಂಟಿಮೀಟರ್ ತೆಳ್ಳಗಾಗಿದ್ದು ಆಗಲೇ ಕಾಣುತ್ತಿತ್ತು; ತೆಗೆದದ್ದು ತಿಂಗಳುಗಳ ಮೇಲೆ. ವಿಶ್ರಾಂತಿಯಲ್ಲಿ ನೋವಿನ ಜೊತೆಗೆ ಸ್ನಾಯುವೂ ಕರಗುತ್ತದೆ, ಭಾರ ತಾಳುವ ರಜ್ಜುವಿನ ಶಕ್ತಿಯೂ ಇಳಿಯುತ್ತದೆ. ಪ್ರದರ್ಶನಕ್ಕೆ ಮೂರು ವಾರ ಇತ್ತು. ಏಳನೇ ವಾರದ ಸೋಮವಾರ ನೇರವಾಗಿ ಪೂರ್ತಿ ತರಗತಿ, ಮಂಡಿ ಪೂರ್ತಿ ಮಡಚಿ ಇಳಿಯುವ ಗ್ರಾಂಡ್ ಪ್ಲಿಯೆಯಿಂದ ದೊಡ್ಡ ಜಿಗಿತದವರೆಗೆ. ಹತ್ತೇ ದಿನದಲ್ಲಿ ಮೆಟ್ಟಿಲು ಹತ್ತಲೂ ಆಗದ ಸ್ಥಿತಿ.

ನಾಲ್ಕನೆಯದು ಇಂಜೆಕ್ಷನ್. ನೋವಿದ್ದ ಜಾಗಕ್ಕೇ ಸ್ಟೀರಾಯ್ಡ್ ಕೊಟ್ಟರು, ಎರಡು ದಿನದಲ್ಲಿ ಹೂವಿನಂತೆ ಹಗುರ. ಸ್ಟೀರಾಯ್ಡ್ ನೋವನ್ನು ಬೇಗ ಇಳಿಸುವುದು ನಿಜ. ಆದರೆ ಭಾರ ಹೊರುವ ರಜ್ಜುವಿಗೆ ಚುಚ್ಚಿದಾಗ ಅದನ್ನು ದುರ್ಬಲ ಮಾಡುತ್ತದೆ, ಹರಿಯುವ ಅಪಾಯ ಹೆಚ್ಚುತ್ತದೆ. ಅವಳು ರಿಹರ್ಸಲ್ಲಿಗೆ ಹೋದಳು. ಅಲ್ಟ್ರಾಸೌಂಡಿನಲ್ಲಿ ರಜ್ಜು ಭಾಗಶಃ ಹರಿದದ್ದು ಕಂಡಿತು. ಮಂಡಿಚಿಪ್ಪಿನ ಕೆಳಗಿನ ರಜ್ಜುವಿಗೆ ಯಾರಾದರೂ ಸ್ಟೀರಾಯ್ಡ್ ಅಂದರೆ ಇನ್ನೊಬ್ಬ ಡಾಕ್ಟರ ಅಭಿಪ್ರಾಯ ತೆಗೆದುಕೊಳ್ಳದೆ ಕಾಲು ಚಾಚಬೇಡಿ.

ಇನ್ನು ಬಲ ಮರಳಿ ಕಟ್ಟುವುದು. ಹರಿದಿದ್ದರೆ ಯಾವಾಗ ಶುರು ಮಾಡಬೇಕು ಎಂದು ಡಾಕ್ಟರೇ ಹೇಳಬೇಕು. ಹರಿಯದ, ಬರೀ ದಣಿದ ರಜ್ಜುವಿಗೆ ದಾರಿ ಹೀಗೆ. ಮೊದಲು ಅಲುಗದ ಹಿಡಿತ: ಜಿಮ್ಮಿನಲ್ಲಿ ಕೂತು ಭಾರದ ವಿರುದ್ಧ ಕಾಲು ಚಾಚುವ ಲೆಗ್ ಎಕ್ಸ್‌ಟೆನ್ಶನ್ ಯಂತ್ರದಲ್ಲಿ ಮಂಡಿ 60 ಡಿಗ್ರಿ ಬಗ್ಗಿಸಿ 45 ಸೆಕೆಂಡು ಹಿಡಿಯುವುದು, 2 ನಿಮಿಷ ಬಿಡುವು, ಹೀಗೆ 5 ಸಲ. ಜಿಮ್ ಇಲ್ಲದವರು ಗೋಡೆಗೆ ಒರಗಿ ಕುರ್ಚಿಯಿಲ್ಲದೆ ಕೂರಲಿ. ಇದರಲ್ಲಿ ನೋವು ಇಳಿಯುವವರು ಅನೇಕ, ಆದರೆ ಇಲ್ಲೇ ನಿಂತರೆ ಮತ್ತೆ ಅದೇ ಕಥೆ.

ನಿಜವಾದ ಕೆಲಸ ಆಮೇಲಿನ ಭಾರದ ನಿಧಾನ ವ್ಯಾಯಾಮ. ವಾರಕ್ಕೆ 3 ದಿನ, ನಡುವೆ ಒಂದು ದಿನ ಬಿಟ್ಟು. ಸ್ಕ್ವಾಟ್ ಮತ್ತು ಲೆಗ್ ಪ್ರೆಸ್ (ಯಂತ್ರದಲ್ಲಿ ಕಾಲಿನಿಂದ ಭಾರ ತಳ್ಳುವುದು), ಇಳಿಯಲು 3 ಸೆಕೆಂಡು, ಏರಲು 3 ಸೆಕೆಂಡು, 4 ಸೆಟ್. ಶುರುವಿನಲ್ಲಿ 15 ಸಲ ಮಾತ್ರ ಎತ್ತಬಲ್ಲ ಭಾರ. ವಾರ ಕಳೆದಂತೆ ಭಾರ ಏರಿಸುತ್ತ, ಎಣಿಕೆ ಇಳಿಸುತ್ತ, 12 ವಾರದ ಹೊತ್ತಿಗೆ 6 ಸಲಕ್ಕಿಂತ ಹೆಚ್ಚು ಎತ್ತಲಾಗದ ಭಾರಕ್ಕೆ ಬರಬೇಕು. ಬರೀ ರಬ್ಬರ್ ಬ್ಯಾಂಡ್ ಎಳೆದುಕೊಂಡಿದ್ದರೆ ಜಿಗಿತ ಹೊರುವ ರಜ್ಜು ಬರುವುದಿಲ್ಲ. "ತೊಡೆ ದಪ್ಪ ಆಗುತ್ತೆ" ಎಂಬ ಭಯ ಬ್ಯಾಲೆ ಲೋಕದ ಹಳೇ ಕಾಯಿಲೆ. ಇವಳ ಭಯವೂ ಅದೇ ಆಗಿತ್ತು. ಜೊತೆಗೆ ಪಕ್ಕಕ್ಕೆ ಮಲಗಿ ಕಾಲೆತ್ತುವುದು, ಕನ್ನಡಿಯ ಮುಂದೆ ಮೆಟ್ಟಿಲಿನಿಂದ ಒಂಟಿಕಾಲಲ್ಲಿ ನಿಧಾನ ಇಳಿಯುವುದು (ಸೊಂಟ ಒಂದು ಕಡೆ ವಾಲಬಾರದು), ಒಂಟಿಕಾಲಿನ ರೆಲೆವೆ (ಹಿಮ್ಮಡಿ ಎತ್ತಿ ಇಳಿಸುವುದು) 25ರವರೆಗೆ. ಮೀನಖಂಡ ಸೋತರೆ ಇಳಿತದ ಏಟು ಮಂಡಿಗೇ ಬರುತ್ತದೆ.

ಎಷ್ಟು ನೋವು ತಡೆಯಬಹುದು? ಹತ್ತಕ್ಕೆ ಮೂರರವರೆಗೆ ಸರಿ, ಮಾರನೇ ಬೆಳಿಗ್ಗೆ ಅದು ಹಿಂದಿನ ದಿನಕ್ಕಿಂತ ಹೆಚ್ಚಿರಬಾರದು. ದಿನಾ ಎದ್ದ ಕೂಡಲೇ ಅದೇ ಮೆಟ್ಟಿಲಲ್ಲಿ ಒಂಟಿಕಾಲಲ್ಲಿ ಸ್ವಲ್ಪ ಬಗ್ಗಿ, ಅಂಕಿಯನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಬರೆಯಿರಿ. ತರಗತಿಯಲ್ಲಿ ಹೇಗನ್ನಿಸಿತು ಎನ್ನುವುದಕ್ಕಿಂತ ಈ ಅಂಕಿಯನ್ನು ನಂಬಿ.

ಜಿಗಿತ ಕೊನೆಗೆ. ಮೊದಲು ಎರಡೂ ಕಾಲಿನ ಸೋತೆ (ನಿಂತಲ್ಲೇ ಹಾರುವ ಚಿಕ್ಕ ಜಿಗಿತ), 8ರ ಎರಡು ಸೆಟ್, ಮೂರು ದಿನಕ್ಕೊಮ್ಮೆ. ಭಾರ ಬಿದ್ದ ಮೇಲೆ ಮೊದಲ ಒಂದೂವರೆ ದಿನ ರಜ್ಜುವಿನಲ್ಲಿ ಕಟ್ಟುವುದಕ್ಕಿಂತ ಕಳಚುವುದೇ ಹೆಚ್ಚು, ಅದಕ್ಕೇ ಈ ಬಿಡುವು. ಆಮೇಲೆ ಸೆಟ್ ಹೆಚ್ಚಿಸಿ, ಆಮೇಲೆ ಒಂಟಿಕಾಲು, ಎಲ್ಲಕ್ಕಿಂತ ಕೊನೆಗೆ ದೊಡ್ಡ ಜಿಗಿತ. ಬಾರ್ (ಆಸರೆಯ ಹಿಡಿಕಂಬಿ) ಹಿಡಿದು ಮಾಡುವ ತಾಂದ್ಯು (ಪಾದವನ್ನು ನೆಲದ ಮೇಲೆ ಜಾರಿಸಿ ಚಾಚುವುದು), ಡೆಮಿ ಪ್ಲಿಯೆಗಳನ್ನು ಹಾಳೆಯ ಗೆರೆಯೊಳಗಿನ ಟರ್ನ್‌ಔಟಿನಲ್ಲಿ ಬೇಗ ಶುರು ಮಾಡಬಹುದು. ಒಂದು ಪಾದದ ಮುಂದೆ ಇನ್ನೊಂದನ್ನಿಡುವ ಫೋರ್ತ್ ಮತ್ತು ಫಿಫ್ತ್‌ನ ಗ್ರಾಂಡ್ ಪ್ಲಿಯೆ ಮಾತ್ರ ತಡವಾಗಿ ಬರಲಿ. ಪೂರ್ತಿ ತರಗತಿಗೆ ಮುನ್ನ, ಬೆರಳ ತುದಿಯಲ್ಲಿ ನಿಂತು ಕುಣಿಯುವ ಪ್ವಾಂಟ್ ಶೂ ಹಾಕುವ ಮೊದಲು ನೋಡುವ ಒಂದು ಪರೀಕ್ಷೆ ಇಲ್ಲೂ ಕೆಲಸಕ್ಕೆ ಬರುತ್ತದೆ: ಒಂಟಿಕಾಲಲ್ಲಿ 16 ಸೋತೆ, ಅದರಲ್ಲಿ ಕನಿಷ್ಠ 8 ಮಂಡಿ ಒಳಗೆ ಬೀಳದೆ, ಸೊಂಟ ವಾಲದೆ ಇರಬೇಕು. ತೊಡೆಯ ಬಲ ಇನ್ನೊಂದು ಕಾಲಿನ 90 ಶೇಕಡಾವಾದರೂ ಇರಬೇಕು.

ನಮ್ಮಲ್ಲಿ ಫಿಸಿಯೋಗಳಿಗೆ ಕ್ರಿಕೆಟ್ ಆಡುವವರ ಮಂಡಿ ಚೆನ್ನಾಗಿ ಗೊತ್ತು, ಬ್ಯಾಲೆಯವರ ಮಂಡಿ ಅಪರೂಪ. ನೃತ್ಯಗಾರರ ಆರೋಗ್ಯಕ್ಕೆಂದೇ 1990ರಲ್ಲಿ ಶುರುವಾದ ಐಎಡಿಎಂಎಸ್ ಎಂಬ ಅಂತರರಾಷ್ಟ್ರೀಯ ಸಂಘದ ಮಾಹಿತಿಪತ್ರಗಳು ಸಿಗುತ್ತವೆ, ಪ್ರಿಂಟ್ ತೆಗೆದುಕೊಂಡು ಹೋಗಿ. ಮುಟ್ಟು ಮೂರು ತಿಂಗಳು ನಿಂತಿದ್ದರೆ ಅದನ್ನೂ ಹೇಳಿ; ಸಾಕಷ್ಟು ತಿನ್ನದ ಮೈಯಲ್ಲಿ ಯಾವ ವ್ಯಾಯಾಮವೂ ಹತ್ತುವುದಿಲ್ಲ. "ಟಕ್" ಎಂಬ ಸದ್ದಾಗಿ ಕೆಲವೇ ಗಂಟೆಯಲ್ಲಿ ಮಂಡಿ ಊದಿದರೆ, ಮಂಡಿ ಸಿಕ್ಕಿಹಾಕಿಕೊಂಡು ನೆಟ್ಟಗಾಗದಿದ್ದರೆ, ಕೈಕೊಟ್ಟು ಕುಸಿದರೆ, ಕಾಲೂರಲು ಆಗದಿದ್ದರೆ, ಜ್ವರದ ಜೊತೆ ಮಂಡಿ ಕೆಂಪಾಗಿ ಬಿಸಿಯಾಗಿದ್ದರೆ ಈ ಬರಹ ಬಿಟ್ಟು ಆಸ್ಪತ್ರೆಗೆ ಹೋಗಿ. ಬೆಳೆಯುವ ಮಕ್ಕಳು ಮಂಡಿ ನೋವು ಅಂದರೆ ಸೊಂಟದ ಕೀಲನ್ನೂ ನೋಡಿಸಿ, ಅಲ್ಲಿಯ ತೊಂದರೆ ಮಂಡಿಯಲ್ಲಿ ನೋವಾಗಿ ಕಾಣುವುದುಂಟು.

ಆ ಹುಡುಗಿ ಈಗ ಹನ್ನೊಂದನೇ ತಿಂಗಳಲ್ಲಿದ್ದಾಳೆ. ಫಸ್ಟ್ ಪೊಸಿಶನ್ 120 ಡಿಗ್ರಿಗೆ ಇಳಿದಿದೆ, ಎರಡೂ ತೊಡೆಯ ಅಳತೆಯಲ್ಲಿ ಅರ್ಧ ಸೆಂಟಿಮೀಟರ್ ವ್ಯತ್ಯಾಸ ಉಳಿದಿದೆ. ಬಾರ್ ಪೂರ್ತಿ ಮಾಡುತ್ತಾಳೆ, ಸೋತೆ 8ರ ನಾಲ್ಕು ಸೆಟ್‌ವರೆಗೆ ಬಂದಿದೆ. ದೊಡ್ಡ ಜಿಗಿತದ ಹೊತ್ತಿಗೆ ಕಿಟಕಿಯ ಪಕ್ಕ ಕೂತು ಉಳಿದವರ ಇಳಿತ ಎಣಿಸುತ್ತಾಳೆ.